ನೆತ್ತಿ ಕೂಡುವ ಮುನ್ನ

ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಯ ಹಳೆಯ ಮನೆಗಳಲ್ಲಿ ಬಾಣಂತನ ಇನ್ನೂ ಉಳಿದಿದೆ. ಹಂಡೆಯ ಜಾಗಕ್ಕೆ ಗೀಸರ್ ಬಂದರೂ ಕೂಸಿಗೆ ಎಣ್ಣೆ ತಿಕ್ಕಿ ನೀರು ಹಾಕುವ ಹೆಂಗಸು ಬೆಳಗಾದರೆ ಬರುತ್ತಾರೆ. ಕಾಲು ನೀಡಿ ಕೂತು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು, ನೆತ್ತಿಗೆ ಹರಳೆಣ್ಣೆ ತಟ್ಟಿ, ಹಣೆ ತೀಡಿ, ತಲೆಯನ್ನು ಎರಡು ಅಂಗೈಗಳ ನಡುವೆ ಹಿಡಿದು ಗುಂಡಗೆ ಮಾಡುತ್ತಾರೆ. ಮಕ್ಕಳ ಡಾಕ್ಟರು ಮಗುವನ್ನು ನೋಡುವುದು ತಿಂಗಳಿಗೋ ಎರಡು ತಿಂಗಳಿಗೋ ಒಮ್ಮೆ. ಈ ಹೆಂಗಸು ಆ ತಲೆಯನ್ನು ದಿನವೂ ಮುಟ್ಟುತ್ತಾರೆ. ನೆತ್ತಿ ಉಬ್ಬಿದೆಯೋ ತಗ್ಗಿದೆಯೋ, ತಲೆ ಒಂದು ಕಡೆಗೆ ವಾಲಿದೆಯೋ, ಬೆನ್ನ ಮೇಲೆ ಗಂಟಿದೆಯೋ ಎಂದು ಎಲ್ಲರಿಗಿಂತ ಮೊದಲು ತಿಳಿಯುವುದು ಅವರಿಗೇ. ಆ ತಿಳಿವು ಆಸ್ಪತ್ರೆಯವರೆಗೆ ತಲುಪುವುದು ಮಾತ್ರ ಎಷ್ಟೋ ಸಲ ತಡವಾಗುತ್ತದೆ. 'ಬೆಳೀತಾ ಬೆಳೀತಾ ಸರಿಹೋಗುತ್ತೆ ಬಿಡಿ' ಎಂಬ ಒಂದು ಸಮಾಧಾನದ ಮಾತಿನಲ್ಲಿ ತಿಂಗಳುಗಳು ಕಳೆದುಹೋಗುತ್ತವೆ.

ಹುಟ್ಟಿನಿಂದಲೇ ತಲೆಬುರುಡೆಯಲ್ಲೋ ಮಿದುಳಿನಲ್ಲೋ ದೋಷವಿರುವ ಮಕ್ಕಳಿಗೆ ಇಂದು ಮಾಡಬಹುದಾದ ಶಸ್ತ್ರಚಿಕಿತ್ಸೆಗಳು ಹಲವು. ಅವುಗಳನ್ನು ಮಾಡಬಲ್ಲ ಕೈಗಳು ಬೆಂಗಳೂರಿನಲ್ಲೇ ಇವೆ. ಆದರೆ ಪ್ರತಿಯೊಂದಕ್ಕೂ ಒಂದು ಗಡುವಿದೆ. ಕೆಲವಕ್ಕೆ ಅದು ಗಂಟೆಗಳ ಲೆಕ್ಕ, ಕೆಲವಕ್ಕೆ ವಾರಗಳ ಲೆಕ್ಕ. ಒಂದು ದೋಷಕ್ಕಂತೂ ಗಡುವು ಬರುವುದು ತಾಯಿಗೆ ತಾನು ಬಸುರಿ ಎಂದು ಗೊತ್ತಾಗುವ ಮೊದಲೇ. ಮಗುವಿನ ಮಿದುಳು ಎಷ್ಟು ಉಳಿಯುತ್ತದೆ ಎಂಬುದು ಬಹುಪಾಲು ನಿರ್ಧಾರವಾಗುವುದು ಅದನ್ನು ಎಂದು ಆಪರೇಷನ್ ಥಿಯೇಟರಿಗೆ ಕರೆತಂದರು ಎಂಬುದರ ಮೇಲೆ.

ನವಜಾತ ಶಿಶುವಿನ ತಲೆಬುರುಡೆ ಒಂದೇ ಮೂಳೆಯಲ್ಲ. ಹಲವು ತೆಳು ಮೂಳೆಫಲಕಗಳು ಅಂಚಿಗೆ ಅಂಚು ತಾಗಿ ಕೂತಿರುತ್ತವೆ. ಆ ಅಂಚಿನ ಗೆರೆಗಳಿಗೆ ವೈದ್ಯರು ಸೂಚರ್ ಎನ್ನುತ್ತಾರೆ. ಗೆರೆಗಳು ಸೇರುವ ಕಡೆ ಮೂಳೆಯಿಲ್ಲದ ಮೆತ್ತನೆಯ ಜಾಗವೇ ನೆತ್ತಿ. ಹಿಂದಲೆಯ ಚಿಕ್ಕ ನೆತ್ತಿ ಎರಡು ಮೂರು ತಿಂಗಳೊಳಗೆ ಕೂಡಿಕೊಳ್ಳುತ್ತದೆ. ಮುಂದಲೆಯ ದೊಡ್ಡ ನೆತ್ತಿ ಸಾಮಾನ್ಯವಾಗಿ ಒಂದರಿಂದ ಒಂದೂವರೆ ವರ್ಷದೊಳಗೆ. ಹೆರಿಗೆಯ ದಾರಿಯಲ್ಲಿ ತಲೆ ಸ್ವಲ್ಪ ಒತ್ತಿಕೊಳ್ಳಲಿ ಎಂದೂ, ಹುಟ್ಟಿದ ಮೇಲೆ ಮಿದುಳು ಬೆಳೆಯಲು ಜಾಗವಿರಲಿ ಎಂದೂ ಈ ಏರ್ಪಾಡು. ಮೊದಲ ಒಂದು ವರ್ಷದಲ್ಲಿ ಮಿದುಳು ಎರಡರಷ್ಟಕ್ಕೂ ಮೀರಿ ಬೆಳೆಯುತ್ತದೆ. ಮಿದುಳು ಒಳಗಿನಿಂದ ತಳ್ಳಿದಂತೆ ಸೂಚರ್‌ಗಳ ಅಂಚಿನಲ್ಲಿ ಹೊಸ ಮೂಳೆ ಮೂಡಿ ತಲೆ ಹಿಗ್ಗುತ್ತದೆ.

ಈ ಬೆಳವಣಿಗೆಯನ್ನು ಅಳೆಯಲು ಬೇಕಾದದ್ದು ಒಂದು ಟೇಪು. ಹುಬ್ಬಿನ ಮೇಲಿಂದ, ಕಿವಿಗಳ ಮೇಲಿಂದ, ಹಿಂದಲೆಯ ಅತ್ಯಂತ ಉಬ್ಬಿದ ಜಾಗವನ್ನು ಬಳಸಿ ಸುತ್ತಳತೆ ತೆಗೆಯಬೇಕು. ತಿಂಗಳು ತುಂಬಿ ಹುಟ್ಟಿದ ಮಗುವಿನ ತಲೆ ಸುಮಾರು 33ರಿಂದ 35 ಸೆಂಟಿಮೀಟರ್ ಇರುತ್ತದೆ. ಮೊದಲ ಮೂರು ತಿಂಗಳು ತಿಂಗಳಿಗೆ ಸುಮಾರು 2 ಸೆಂ.ಮೀ., ಮುಂದಿನ ಮೂರು ತಿಂಗಳು ತಿಂಗಳಿಗೆ 1 ಸೆಂ.ಮೀ., ಆಮೇಲೆ ವರ್ಷ ತುಂಬುವವರೆಗೆ ತಿಂಗಳಿಗೆ ಅರ್ಧ ಸೆಂ.ಮೀ. ಬೆಳೆಯುತ್ತದೆ. ಮೊದಲ ಹುಟ್ಟುಹಬ್ಬಕ್ಕೆ ಅಳತೆ 45-46ರ ಸುಮಾರಿಗೆ ಬಂದಿರುತ್ತದೆ. ಒಂದು ಸಲದ ಅಳತೆಯಿಂದ ಹೆಚ್ಚೇನೂ ತಿಳಿಯುವುದಿಲ್ಲ. ಅಪ್ಪನದೋ ಅಮ್ಮನದೋ ತಲೆ ದೊಡ್ಡದಿದ್ದರೆ ಮಗುವಿನದೂ ದೊಡ್ಡದಿರಬಹುದು. ಬೆಳವಣಿಗೆಯ ವೇಗ ತಪ್ಪಿದರೆ ಮಾತ್ರ ಎಚ್ಚರಗೊಳ್ಳಬೇಕು.

ವೇಗ ಹೆಚ್ಚಾದರೆ ಮೊದಲು ಅನುಮಾನಿಸಬೇಕಾದದ್ದು ಹೈಡ್ರೋಸೆಫಲಸ್. ಜನ 'ತಲೆಯಲ್ಲಿ ನೀರು ತುಂಬಿದೆ' ಎನ್ನುವ ಸ್ಥಿತಿ. ಮಿದುಳಿನ ಒಳಗೆ ಕುಹರಗಳಿವೆ. ಅಲ್ಲಿ ತಿಳಿಯಾದ ದ್ರವವೊಂದು ಸದಾ ಸ್ರವಿಸುತ್ತಿರುತ್ತದೆ. ದೊಡ್ಡವರಲ್ಲಿ ದಿನಕ್ಕೆ ಸುಮಾರು ಅರ್ಧ ಲೀಟರ್. ಅದು ಕುಹರದಿಂದ ಕುಹರಕ್ಕೆ ಹರಿದು, ಮಿದುಳಿನ ಹೊರಗೆ ಬಂದು, ರಕ್ತಕ್ಕೆ ಮರಳುತ್ತದೆ. ಕೆಂಪಾಂಬುಧಿ ಕೆರೆಗೆ ನೀರು ಬರುತ್ತಲೇ ಇದ್ದು ತೂಬು, ಕೋಡಿ ಎರಡೂ ಕಟ್ಟಿಕೊಂಡರೆ ಏರಿಯ ಮೇಲೆ ಎಂಥ ಒತ್ತಡ ಬೀಳುತ್ತದೆಂದು ಯೋಚಿಸಿ. ಕುಹರಗಳ ನಡುವಿನ ಸಣ್ಣ ಕಾಲುವೆ ಹುಟ್ಟಿನಿಂದಲೇ ಕಿರಿದಾಗಿದ್ದರೆ, ತಿಂಗಳು ತುಂಬದೆ ಹುಟ್ಟಿದ ಮಗುವಿನ ಮಿದುಳಿನೊಳಗೆ ರಕ್ತ ಸೋರಿದ್ದರೆ, ಸೋಂಕು ತಗುಲಿ ಹರಿವಿನ ದಾರಿ ಮುಚ್ಚಿದ್ದರೆ ಆಗುವುದೂ ಅದೇ. ದೊಡ್ಡವರ ತಲೆಬುರುಡೆ ಹಿಗ್ಗುವುದಿಲ್ಲವಾದ್ದರಿಂದ ತಲೆನೋವು, ವಾಂತಿ ಬೇಗ ಕಾಣಿಸಿಕೊಳ್ಳುತ್ತವೆ. ಕೂಸಿನ ತಲೆ ಹಿಗ್ಗಿ ಹಿಗ್ಗಿ ಒತ್ತಡವನ್ನು ಮರೆಸುತ್ತದೆ. ಅಳದೆ ನೆಟ್ಟಗೆ ಕೂತಾಗಲೂ ನೆತ್ತಿ ಉಬ್ಬಿಯೇ ಇರುವುದು, ನೆತ್ತಿಯ ಸುತ್ತ ರಕ್ತನಾಳಗಳು ಎದ್ದು ಕಾಣುವುದು, ಕಪ್ಪುಗುಡ್ಡೆ ಕೆಳರೆಪ್ಪೆಯತ್ತ ಇಳಿದು ಮೇಲೆ ಬಿಳಿ ಉಳಿಯುವುದು, ಹಾಲು ಕುಡಿಯದೆ ಮಂಕಾಗಿರುವುದು: ಇವುಗಳಲ್ಲಿ ಒಂದು ಕಂಡರೂ ಅಂದೇ ಆಸ್ಪತ್ರೆಗೆ ಹೋಗಬೇಕು. ನೆತ್ತಿ ತೆರೆದಿರುವಾಗ ಅದರ ಮೇಲಿಂದಲೇ ಅಲ್ಟ್ರಾಸೌಂಡ್ ಮಾಡಿ ಕುಹರಗಳನ್ನು ನೋಡಬಹುದು. ಅದಕ್ಕೆ ಅರಿವಳಿಕೆಯೂ ಬೇಡ, ವಿಕಿರಣವೂ ಇಲ್ಲ.

ಇದಕ್ಕೆ ಹೆಚ್ಚಾಗಿ ಮಾಡುವ ಶಸ್ತ್ರಚಿಕಿತ್ಸೆ ಷಂಟ್. ಕುಹರಕ್ಕೆ ಒಂದು ತೆಳು ನಳಿಕೆ ಇಳಿಸಿ, ಅದನ್ನು ಕಿವಿಯ ಹಿಂಭಾಗದ ಚರ್ಮದಡಿ ಕೂರಿಸಿದ ಕವಾಟಕ್ಕೆ ಜೋಡಿಸಿ, ಕತ್ತು-ಎದೆಯ ಚರ್ಮದಡಿಯಲ್ಲೇ ಹೊಟ್ಟೆಯ ಪೊರೆಯೊಳಗೆ ಒಯ್ಯುತ್ತಾರೆ. ಮಗು ಎತ್ತರ ಬೆಳೆದಾಗಲೂ ಸಾಲಲಿ ಎಂದು ನಳಿಕೆಯನ್ನು ಹೊಟ್ಟೆಯಲ್ಲಿ ಉದ್ದಕ್ಕೆ ಬಿಟ್ಟಿರುತ್ತಾರೆ. ಈ ಕವಾಟದ ಹಿಂದೆ ಒಬ್ಬ ತಂದೆಯ ಕಥೆಯಿದೆ. ಅಮೆರಿಕದ ಜಾನ್ ಹೋಲ್ಟರ್ ಯಂತ್ರ ಕೆಲಸಗಾರ. 1955ರಲ್ಲಿ ಹುಟ್ಟಿದ ಅವರ ಮಗ ಕೇಸಿಗೆ ಬೆನ್ನುಹುರಿಯ ದೋಷವೂ ಹೈಡ್ರೋಸೆಫಲಸ್ಸೂ ಇದ್ದವು. ಒತ್ತಡ ಏರಿದಾಗ ಮಾತ್ರ ತೆರೆದು, ಹಿಂದಕ್ಕೆ ಹರಿಯಗೊಡದ ಕವಾಟವೊಂದು ಬೇಕೆಂದು ಫಿಲಡೆಲ್ಫಿಯಾದ ನರಶಸ್ತ್ರಚಿಕಿತ್ಸಕ ಯೂಜೀನ್ ಸ್ಪಿಟ್ಜ್ ಹೇಳಿದ್ದನ್ನು ಕೇಳಿ, ಹೋಲ್ಟರ್ ತಮ್ಮ ಕೈಯಾರೆ ಸಿಲಿಕೋನ್ ಕವಾಟ ಮಾಡಿದರು. 1956ರಲ್ಲಿ ಅದು ಬಳಕೆಗೆ ಬಂತು. ಇಂದು ಲೋಕದಾದ್ಯಂತ ಮಕ್ಕಳ ಜೀವ ಕಾಯುತ್ತಿರುವ ಷಂಟ್‌ಗಳು ಆ ಪರಂಪರೆಯವು.

ಭಾರತ ಈ ಕಥೆಗೆ ಬಹಳ ಮುಖ್ಯವಾದ ಅಧ್ಯಾಯವೊಂದನ್ನು ಸೇರಿಸಿತು. ವಿದೇಶಿ ಷಂಟ್ ಬಡವರ ಕೈಗೆ ಎಟುಕುತ್ತಿರಲಿಲ್ಲ. ಲಖನೌದ ನರಶಸ್ತ್ರಚಿಕಿತ್ಸಕ ಡಾ. ಡಿ.ಕೆ. ಛಾಬ್ರಾ ರೂಪಿಸಿದ, ಉತ್ತರ ಪ್ರದೇಶದ ಶಾಹಜಹಾನ್‌ಪುರದಲ್ಲಿ ತಯಾರಾಗುವ ಅಗ್ಗದ ಷಂಟ್ ದೇಶದ ಸರ್ಕಾರಿ ಆಸ್ಪತ್ರೆಗಳಿಗೆ ಬಂತು. ಬೆಲೆ ಕಡಿಮೆಯಾದರೆ ಗುಣವೂ ಕಡಿಮೆಯೇ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಉಗಾಂಡದಲ್ಲಿ. ಅಲ್ಲಿನ ಎಂಬಾಲೆಯ ಮಕ್ಕಳ ಆಸ್ಪತ್ರೆಯಲ್ಲಿ ಬೆಂಜಮಿನ್ ವಾರ್ಫ್ 195 ಮಕ್ಕಳ ಮೇಲೆ ನಡೆಸಿದ ಅಧ್ಯಯನ 2005ರಲ್ಲಿ ಪ್ರಕಟವಾಯಿತು. ಸುಮಾರು 650 ಡಾಲರಿನ ಅಮೆರಿಕದ ಷಂಟ್‌ಗೂ ಸುಮಾರು 35 ಡಾಲರಿನ ಛಾಬ್ರಾ ಷಂಟ್‌ಗೂ ಒಂದು ವರ್ಷದ ಫಲಿತಾಂಶದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ದುಬಾರಿ ಸಾಧನ ಕೊಳ್ಳಲಾಗಲಿಲ್ಲವೆಂದು ಕೊರಗುವ ತಂದೆತಾಯಿ ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಷಂಟ್ ಇಟ್ಟಲ್ಲಿಗೆ ಚಿಕಿತ್ಸೆ ಮುಗಿಯುವುದಿಲ್ಲ. ನಳಿಕೆ ಕಟ್ಟಿಕೊಳ್ಳಬಹುದು, ಸೋಂಕು ತಗುಲಬಹುದು. ಎಳೆಮಕ್ಕಳಲ್ಲಿ ಮೂರರಲ್ಲಿ ಒಂದರಷ್ಟು ಷಂಟ್‌ಗಳಿಗೆ ಮೊದಲ ವರ್ಷ ಎರಡರೊಳಗೇ ದುರಸ್ತಿ ಬೇಕಾಗುತ್ತದೆ. ಷಂಟ್ ಇರುವ ಮಗು ಕಾರಣವಿಲ್ಲದೆ ವಾಂತಿ ಮಾಡಿಕೊಂಡು ಮಂಪರಿಗೆ ಜಾರಿದರೆ ಅದನ್ನು ಅಜೀರ್ಣವೆಂದು ಬಗೆದು ಓಮದ ಕಷಾಯ ಕುಡಿಸುತ್ತ ಕೂರಬಾರದು. ಕೆಲವು ಮಕ್ಕಳಿಗೆ ಷಂಟ್ ಇಲ್ಲದೆಯೂ ಚಿಕಿತ್ಸೆ ಸಾಧ್ಯ. ಎಂಡೋಸ್ಕೋಪನ್ನು ಕುಹರದೊಳಗೆ ಇಳಿಸಿ, ಮೂರನೆಯ ಕುಹರದ ತಳದಲ್ಲಿ ಕಿಂಡಿ ಮಾಡಿ, ದ್ರವಕ್ಕೆ ಬೇರೆ ದಾರಿ ಕೊಡುತ್ತಾರೆ. ಆರು ತಿಂಗಳೊಳಗಿನ ಮಕ್ಕಳಲ್ಲಿ ಕಿಂಡಿಯೊಂದೇ ಸೋಲುವುದು ಹೆಚ್ಚು. ಹಾಗಾಗಿ ದ್ರವ ಸ್ರವಿಸುವ ಅಂಗಾಂಶವನ್ನೂ ಸುಡುವ ಕ್ರಮವನ್ನು ವಾರ್ಫ್ ಜೊತೆಗೂಡಿಸಿದರು. ಷಂಟ್ ಕೆಟ್ಟರೆ ಆಸ್ಪತ್ರೆಗೆ ಬರಲು ದಿನಗಟ್ಟಲೆ ಪ್ರಯಾಣ ಮಾಡಬೇಕಾದ ಊರುಗಳಿಗೆ ಈ ಕ್ರಮದಿಂದ ದೊಡ್ಡ ಉಪಕಾರವಾಗಿದೆ. ಉಗಾಂಡದ 100 ಶಿಶುಗಳ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಒಂದು ವರ್ಷದ ಬಳಿಕ ಎರಡೂ ಚಿಕಿತ್ಸೆಯ ಮಕ್ಕಳ ಬುದ್ಧಿ ಬೆಳವಣಿಗೆ ಹೆಚ್ಚುಕಡಿಮೆ ಸಮನಾಗಿತ್ತು.

ತಲೆ ದೊಡ್ಡದಾಗದೆ ಆಕಾರ ಕೆಟ್ಟರೆ ಕಾರಣ ಬೇರೆ. ಸೂಚರ್ ಒಂದು ಹೊತ್ತಿಗೆ ಮುಂಚೆ ಬೆಸೆದುಕೊಂಡಿರಬಹುದು. ಇದೇ ಕ್ರೇನಿಯೋಸಿನೊಸ್ಟೋಸಿಸ್. ಸುಮಾರು ಎರಡು-ಎರಡೂವರೆ ಸಾವಿರ ಮಕ್ಕಳಲ್ಲಿ ಒಬ್ಬರಿಗೆ ಬರುತ್ತದೆ. ಬೆಸೆದ ಗೆರೆಗೆ ಅಡ್ಡಲಾಗಿ ತಲೆ ಹಿಗ್ಗಲಾರದು, ಗೆರೆಯ ಉದ್ದಕ್ಕೆ ಬೆಳೆಯುತ್ತದೆ ಎಂದು ಜರ್ಮನಿಯ ರುಡಾಲ್ಫ್ ವಿರ್ಕೋ 1851ರಲ್ಲೇ ತೋರಿಸಿದ್ದರು. ನಡುನೆತ್ತಿಯ ಗೆರೆ ಬೆಸೆದರೆ ತಲೆ ಹಿಂದೆ ಮುಂದೆ ಉದ್ದವಾಗಿ, ಅಕ್ಕಪಕ್ಕ ಕಿರಿದಾಗುತ್ತದೆ. ಇದೇ ಹೆಚ್ಚು ಕಾಣುವ ಬಗೆ. ಹಣೆಯ ನಡುಗೆರೆ ಬೆಸೆದರೆ ಹಣೆ ಮೂರು ಮೂಲೆಯಾಗುತ್ತದೆ. ಒಂದಕ್ಕಿಂತ ಹೆಚ್ಚು ಗೆರೆ ಬೆಸೆದರೆ ಮಿದುಳಿಗೆ ಜಾಗ ಸಾಲದೆ ಕಣ್ಣಿನ ನರಕ್ಕೂ ಪೆಟ್ಟು ಬೀಳಬಹುದು. ಬೆಸೆದ ಮೂಳೆಯನ್ನು ಯಾವ ಎಣ್ಣೆಯೂ, ಎಷ್ಟು ನುರಿತ ಕೈಯೂ ಬಿಡಿಸಲಾರದು. ಸಾಸಿವೆ ದಿಂಬಿನಿಂದಲೂ ಆಗದು. ವರ್ಷದೊಳಗಿನ ಮಗುವಿಗೆ ಉಸಿರು ಕಟ್ಟುವ ಅಪಾಯವಿರುವುದರಿಂದ ದಿಂಬೇ ಬೇಡ ಎನ್ನುವುದು ಮಕ್ಕಳ ತಜ್ಞರ ಸಲಹೆ.

ಹಾಗೆಂದು ತಲೆ ಚಪ್ಪಟೆಯಾದ ಮಕ್ಕಳಿಗೆಲ್ಲ ಈ ರೋಗ ಅಂಟಿಸಬಾರದು. ಒಂದೇ ಮಗ್ಗುಲಿಗೆ ತಲೆಯಿಟ್ಟು ಮಲಗಿ ಹಿಂದಲೆ ಚಪ್ಪಟೆಯಾಗುವುದು ಬಹಳ ಸಾಮಾನ್ಯ. ಅಲ್ಲಿ ಮೂಳೆ ಬೆಸೆದಿರುವುದಿಲ್ಲ. ಎಚ್ಚರವಿದ್ದಾಗ ಕಣ್ಣೆದುರಲ್ಲೇ ಬೋರಲು ಮಲಗಿಸುವುದು, ತೊಟ್ಟಿಲಲ್ಲಿ ದಿಕ್ಕು ಬದಲಿಸುವುದು ಇಷ್ಟರಲ್ಲೇ ಬಹುಪಾಲು ಸರಿಹೋಗುತ್ತದೆ. ತಲೆ ತೀರ ಚಿಕ್ಕದಿರುವ ಮೈಕ್ರೋಸೆಫಲಿಯೂ ಬೇರೆ. ಅಲ್ಲಿ ಮಿದುಳೇ ಬೆಳೆಯದೆ ತಲೆ ಚಿಕ್ಕದಾಗಿರುತ್ತದೆ. ಈ ವ್ಯತ್ಯಾಸ ತಿಳಿಯದೆ 1890ರ ದಶಕದಲ್ಲಿ ಅಂಥ ಮಕ್ಕಳ ತಲೆಬುರುಡೆ ಸೀಳಿದ್ದನ್ನು ಅಮೆರಿಕದ ಮಕ್ಕಳ ವೈದ್ಯ ಏಬ್ರಹಾಂ ಜಕೋಬಿ ಕಟುವಾಗಿ ಖಂಡಿಸಿದ್ದರು. ಆ ಖಂಡನೆಯ ಪರಿಣಾಮವಾಗಿ ಈ ಕ್ಷೇತ್ರವೇ ಬಹುಕಾಲ ಹಿಂಜರಿಯಿತು. 1960ರ ದಶಕದಲ್ಲಿ ಪ್ಯಾರಿಸ್ಸಿನ ಪೌಲ್ ಟೆಸ್ಸಿಯೆ ಬುರುಡೆ, ಕಣ್ಣುಗೂಡು, ಮುಖ ಮೂರನ್ನೂ ಒಟ್ಟಿಗೆ ಸರಿಪಡಿಸುವ ವಿದ್ಯೆ ಕಟ್ಟಿದರು.

ಈಗ ಎರಡು ದಾರಿಗಳಿವೆ. ಮಗು ಮೂರು ನಾಲ್ಕು ತಿಂಗಳೊಳಗೆ ಬಂದರೆ ಚಿಕ್ಕ ಗಾಯದ ಮೂಲಕ ಎಂಡೋಸ್ಕೋಪ್ ಇಳಿಸಿ, ಬೆಸೆದ ಮೂಳೆಯ ಪಟ್ಟಿಯಷ್ಟನ್ನೇ ತೆಗೆಯಬಹುದು. ಆಮೇಲೆ ಕೆಲವು ತಿಂಗಳು ಹೆಲ್ಮೆಟ್ ತೊಡಿಸಿದರೆ, ಬೆಳೆಯುವ ಮಿದುಳೇ ತಲೆಯನ್ನು ತಿದ್ದಿಕೊಳ್ಳುತ್ತದೆ. ಅಮೆರಿಕದ ಜಿಮೆನೆಝ್ ಮತ್ತು ಬ್ಯಾರೋನ್ 1998ರಲ್ಲಿ ಪ್ರಕಟಿಸಿದ ಕ್ರಮ ಇದು. ತಡವಾದರೆ ಮೂಳೆ ದಪ್ಪವಾಗಿರುತ್ತದೆ. ಆಗ ಕಿವಿಯಿಂದ ಕಿವಿಯವರೆಗೆ ನೆತ್ತಿಯ ಚರ್ಮ ಬಿಡಿಸಿ, ಬುರುಡೆಯ ಫಲಕಗಳನ್ನು ತೆಗೆದು, ಕತ್ತರಿಸಿ, ಮರುಜೋಡಿಸಬೇಕು. ಸಾಮಾನ್ಯವಾಗಿ ಆರು ತಿಂಗಳಿಂದ ಒಂದು ವರ್ಷದೊಳಗೆ ಇದನ್ನು ಮಾಡುತ್ತಾರೆ. ಇಂಥ ಮಗುವಿನ ಮೈಯಲ್ಲಿರುವ ರಕ್ತ ಕಿಲೋಗೆ ಸುಮಾರು 80 ಮಿಲಿಲೀಟರ್, ಅಂದರೆ ಏಳು ಕಿಲೋ ಮಗುವಿನಲ್ಲಿ ಅರ್ಧ ಲೀಟರ್‌ಗೆ ಚೂರು ಹೆಚ್ಚು. ದೊಡ್ಡವರಿಗೆ ಲೆಕ್ಕಕ್ಕಿಲ್ಲದಷ್ಟು ರಕ್ತ ಹೋದರೂ ಈ ಮಗುವಿಗೆ ಅದು ಜೀವದ ಪ್ರಶ್ನೆ. ಹಾಗಾಗಿ ಮಕ್ಕಳ ಅರಿವಳಿಕೆ ತಜ್ಞರು, ರಕ್ತನಿಧಿ, ತೀವ್ರ ನಿಗಾ ಘಟಕ ಇರುವಲ್ಲಿ ಮಾತ್ರ ಈ ಶಸ್ತ್ರಚಿಕಿತ್ಸೆ ಮಾಡಿಸಬೇಕು.

ನಮ್ಮ ಮನೆಗಳ ಒಂದು ಪದ್ಧತಿಯಿಂದ ಇಲ್ಲಿ ಅರಿಯದೆಯೇ ತೊಂದರೆಯಾಗುತ್ತದೆ. ಚೊಚ್ಚಲ ಬಾಣಂತನ ತವರಿನಲ್ಲಿ. ವೈಟ್‌ಫೀಲ್ಡಿನಿಂದಲೋ ಸಿಂಗಪುರದಿಂದಲೋ ಮಗಳು ಮಲ್ಲೇಶ್ವರದ ತಾಯಿಮನೆಗೆ ಬರುತ್ತಾಳೆ. ಮೂರೋ ಐದೋ ತಿಂಗಳಿಗೆ ಮಗುವಿನೊಂದಿಗೆ ಗಂಡನ ಮನೆಗೆ ಹೊರಡುತ್ತಾಳೆ. ಹೆರಿಗೆ ಮಾಡಿಸಿದವರೊಬ್ಬರು, ಮೊದಲ ಚುಚ್ಚುಮದ್ದು ಹಾಕಿದವರೊಬ್ಬರು, ಆಮೇಲೆ ನೋಡುವವರು ಮತ್ತೊಬ್ಬರು. ಅಳತೆಯ ಸಾಲು ಕಡಿದುಹೋಗುತ್ತದೆ. ಹೊಸ ಡಾಕ್ಟರ ಮುಂದೆ ಇರುವುದು ಒಂದೇ ಒಂದು ಅಳತೆ. ಇದಕ್ಕೆ ಪರಿಹಾರ ನಮ್ಮ ಲಸಿಕೆಯ ವೇಳಾಪಟ್ಟಿಯಲ್ಲೇ ಇದೆ. ಆರನೆಯ, ಹತ್ತನೆಯ, ಹದಿನಾಲ್ಕನೆಯ ವಾರದಲ್ಲಿ ಪ್ರತಿ ಮಗುವೂ ಚುಚ್ಚುಮದ್ದಿಗೆ ಬರುತ್ತದೆ. ಎಂಡೋಸ್ಕೋಪ್ ಶಸ್ತ್ರಚಿಕಿತ್ಸೆಯ ಅವಧಿಯೂ ಅಷ್ಟರೊಳಗೇ. ಈ ಮೂರು ಭೇಟಿಗಳಲ್ಲೂ ತಾಯಿ ಕಾರ್ಡಿನಲ್ಲಿ ತೂಕದ ಪಕ್ಕ ತಲೆಯ ಸುತ್ತಳತೆ ಬರೆಸಿಕೊಂಡರೆ ಮಗು ಯಾವ ಊರಿಗೆ ಹೋದರೂ ಲೆಕ್ಕ ಜೊತೆಗಿರುತ್ತದೆ. ಡಾಕ್ಟರು ಬರೆಯದಿದ್ದರೆ 'ಬರೆದುಕೊಡಿ' ಎಂದು ಕೇಳುವುದು ತಪ್ಪಲ್ಲ.

ಮೂರನೆಯ ಬಗೆಯ ದೋಷ ಇವೆರಡಕ್ಕಿಂತ ಮೊದಲಿನದು. ಭ್ರೂಣದಲ್ಲಿ ಮಿದುಳು, ಬೆನ್ನುಹುರಿಗಳಾಗಿ ಬೆಳೆಯುವ ನರನಾಳ ಗರ್ಭ ನಿಂತ 28 ದಿನಗಳೊಳಗೆ ಮುಚ್ಚಿಕೊಳ್ಳಬೇಕು. ತಲೆಯ ಕಡೆ ಮುಚ್ಚದಿದ್ದರೆ ಮಿದುಳೇ ರೂಪುಗೊಳ್ಳದ ಅನೆನ್ಸೆಫಲಿ. ಅದಕ್ಕೆ ಯಾವ ಶಸ್ತ್ರಚಿಕಿತ್ಸೆಯೂ ಇಲ್ಲ. ಬುರುಡೆಯಲ್ಲಿ ಕಂಡಿ ಉಳಿದು ಮಿದುಳ ಪೊರೆ, ಕೆಲವೊಮ್ಮೆ ಮಿದುಳೂ ಚೀಲದಂತೆ ಹೊರಬಂದರೆ ಎನ್ಸೆಫಲೋಸೀಲ್. ಬೆನ್ನಿನಲ್ಲಿ ಮುಚ್ಚದಿದ್ದರೆ ಸ್ಪೈನಾ ಬೈಫಿಡಾ. ಬೆನ್ನಿನ ಗಾಯ ತೆರೆದಿದ್ದರೆ ಎರಡು ಮೂರು ದಿನಗಳೊಳಗೆ ಮುಚ್ಚಬೇಕು, ಇಲ್ಲದಿದ್ದರೆ ಸೋಂಕು ಮಿದುಳಿಗೆ ಏರುತ್ತದೆ. ಇಂಥ ಮಕ್ಕಳಲ್ಲಿ ಬಹುಪಾಲಿಗೆ ತಲೆಯಲ್ಲಿ ನೀರೂ ತುಂಬುತ್ತದೆ. ಹುಟ್ಟಿದ ಮೇಲೆ ಆಪರೇಷನ್ ಮಾಡಿದವರಲ್ಲಿ ಶೇ 82ರಷ್ಟು ಮಕ್ಕಳಿಗೆ ವರ್ಷದೊಳಗೆ ಷಂಟ್ ಇಡಬೇಕಾಯಿತು, ಗರ್ಭದಲ್ಲಿರುವಾಗಲೇ ಮಾಡಿದವರಲ್ಲಿ ಅದು ಶೇ 40ಕ್ಕೆ ಇಳಿಯಿತು ಎಂದು ಅಮೆರಿಕದಲ್ಲಿ ನಡೆದ, 2011ರಲ್ಲಿ ಪ್ರಕಟವಾದ ಪ್ರಯೋಗ ತೋರಿಸಿದೆ. ಗರ್ಭದೊಳಗಿನ ಶಸ್ತ್ರಚಿಕಿತ್ಸೆಯಲ್ಲಿ ತಾಯಿಗೂ ಅಪಾಯವಿದೆ, ಅವಧಿಗೆ ಮುನ್ನ ಹೆರಿಗೆಯಾಗುವುದೂ ಹೆಚ್ಚು. ಬೆನ್ನು ಮುಚ್ಚಿದ ಮಗುವಿನ ನಡಿಗೆ, ಮೂತ್ರಕೋಶ, ಮೂತ್ರಪಿಂಡಗಳನ್ನು ವರ್ಷಗಳ ಕಾಲ ನೋಡಿಕೊಳ್ಳಬೇಕು. ನಿಗದಿತ ಹೊತ್ತಿಗೆ ನಳಿಕೆಯಿಂದ ಮೂತ್ರ ತೆಗೆಯುವುದನ್ನು ತಾಯಿ ಕಲಿತರೆ ಮೂತ್ರಪಿಂಡ ಉಳಿಯುತ್ತದೆ.

ಈ ವಿಷಯದಲ್ಲಿ ಕರ್ನಾಟಕಕ್ಕೆ ತನ್ನದೇ ಎಚ್ಚರಿಕೆ ಬಹಳ ಹಿಂದೆಯೇ ಸಿಕ್ಕಿತ್ತು. ದಾವಣಗೆರೆಯ ಮಕ್ಕಳ ತಜ್ಞ ಡಾ. ಎಂ.ಎಲ್. ಕುಲಕರ್ಣಿ ಮತ್ತು ಸಂಗಡಿಗರು 1980ರ ದಶಕದಲ್ಲಿ ಅಲ್ಲಿನ ಹೆರಿಗೆಗಳನ್ನು ಗಮನಿಸಿ, ಸಾವಿರ ಜನನಕ್ಕೆ 11.4 ಮಕ್ಕಳಲ್ಲಿ ನರನಾಳದ ದೋಷ ಕಂಡಿದ್ದನ್ನು 1989ರಲ್ಲಿ ಬ್ರಿಟನ್ನಿನ ವೈದ್ಯಪತ್ರಿಕೆಯಲ್ಲಿ ಪ್ರಕಟಿಸಿದರು. ಇಡೀ ದೇಶದ ಅಧ್ಯಯನಗಳನ್ನು ಒಟ್ಟುಗೂಡಿಸಿದ 2013ರ ವಿಶ್ಲೇಷಣೆಯ ಪ್ರಕಾರ ಭಾರತದ ಪ್ರಮಾಣ ಸಾವಿರಕ್ಕೆ ಸುಮಾರು ನಾಲ್ಕು.

ಇದರಲ್ಲಿ ಬಹುಪಾಲನ್ನು ತಡೆಯಬಹುದು. ಏಳು ದೇಶಗಳಲ್ಲಿ ನಡೆದ ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿಯ ಪ್ರಯೋಗ 1991ರಲ್ಲಿ ಅದನ್ನು ಸಾಬೀತುಪಡಿಸಿತು. ಮೊದಲೊಮ್ಮೆ ಇಂಥ ಮಗು ಹೆತ್ತ ತಾಯಂದಿರು ಗರ್ಭ ನಿಲ್ಲುವ ಮೊದಲಿಂದಲೇ ಫೋಲಿಕ್ ಆಮ್ಲ ತೆಗೆದುಕೊಂಡಾಗ ದೋಷ ಮರುಕಳಿಸುವುದು ಶೇ 72ರಷ್ಟು ಕಡಿಮೆಯಾಯಿತು. ಈ ಫೋಲಿಕ್ ಆಮ್ಲಕ್ಕೂ ನಮಗೂ ಹಳೆಯ ನಂಟು. ಮುಂಬೈಯ ಬಸುರಿಯರ ರಕ್ತಹೀನತೆಗೆ ಔಷಧ ಹುಡುಕುತ್ತ ಲೂಸಿ ವಿಲ್ಸ್ ಅದರ ಸುಳಿವು ಕಂಡದ್ದು 1930ರ ಆಸುಪಾಸಿನಲ್ಲಿ. ಅಮೆರಿಕದ ಪ್ರಯೋಗಾಲಯದಲ್ಲಿ ಅದನ್ನು ಕೃತಕವಾಗಿ ತಯಾರಿಸಿದ ತಂಡದ ಮುಖ್ಯಸ್ಥರು ನೆರೆಯ ಆಂಧ್ರದ ಭೀಮಾವರದ ಯಲ್ಲಾಪ್ರಗಡ ಸುಬ್ಬರಾವ್. ಗಾಂಧಿ ಬಜಾರಿನ ಸೊಪ್ಪು, ಅವರೆಕಾಳು, ಬೇಳೆಗಳಲ್ಲೂ ಫೋಲೇಟ್ ಇದೆ. ಆದರೆ ಬೇಯಿಸಿದಾಗ ಬಹಳಷ್ಟು ನಷ್ಟವಾಗುವುದರಿಂದ ಊಟವೊಂದನ್ನೇ ನೆಚ್ಚಲಾಗದು.

ಇಂಥ ಮಗು ಹುಟ್ಟಿದಾಗ ನಮ್ಮಲ್ಲಿ ಮೊದಲು ಕೇಳಿಬರುವುದು 'ಗ್ರಹಣದಲ್ಲಿ ಹೊರಗೆ ಬಂದಿದ್ದಳಾ?' ಎಂಬ ಪ್ರಶ್ನೆ. ಗ್ರಹಣಕ್ಕೂ ಮಗುವಿನ ತಲೆಗೂ ಯಾವ ಸಂಬಂಧವೂ ಇಲ್ಲ. ನೊಂದ ತಾಯಿಯ ಮೇಲೆ ಅಪವಾದದ ಹೊರೆ ಹೊರಿಸುವ ಈ ಮಾತನ್ನು ಮನೆಯ ಹಿರಿಯರೇ ನಿಲ್ಲಿಸಬೇಕು. ಆ ಹೊತ್ತಿನಲ್ಲಿ ಕೇಳಬೇಕಾದದ್ದು ಎಲ್ಲಿಗೆ ಕರೆದೊಯ್ಯೋಣ ಎಂಬುದೊಂದೇ.

ಅದಕ್ಕೆ ಈ ಊರಿನಲ್ಲಿ ಉತ್ತರವಿದೆ. ಕೋಟೆಯ ಪಕ್ಕ, ಚಾಮರಾಜಪೇಟೆ ಶುರುವಾಗುವಲ್ಲಿ, 1900ರಲ್ಲಿ ತೆರೆದ ವಿಕ್ಟೋರಿಯಾ ಆಸ್ಪತ್ರೆಯೂ 1935ರ ವಾಣಿವಿಲಾಸ ತಾಯಿ-ಮಕ್ಕಳ ಆಸ್ಪತ್ರೆಯೂ ಇವೆ. ಲಾಲ್‌ಬಾಗಿನ ಆಚೆ ಹೊಸೂರು ರಸ್ತೆಯಲ್ಲಿ ನಿಮ್ಹಾನ್ಸ್ ಇದೆ. ಅದರ ಮೂಲ ಸಂಸ್ಥೆಯಲ್ಲಿ 1958ರಲ್ಲಿ ಡಾ. ಆರ್. ಮಾರ್ತಾಂಡ ವರ್ಮ ನರಶಸ್ತ್ರಚಿಕಿತ್ಸೆ ಆರಂಭಿಸಿದರು. ಅದರ ನೆರೆಯಲ್ಲೇ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯಿದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಗುರುತಿಸಬೇಕಾದ 30 ಆರೋಗ್ಯ ಸಮಸ್ಯೆಗಳ ಪಟ್ಟಿಯಲ್ಲಿ ನರನಾಳದ ದೋಷವೇ ಮೊದಲನೆಯದು. 2018ರಿಂದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷ ರೂಪಾಯಿಯವರೆಗೆ ಚಿಕಿತ್ಸೆಯ ವೆಚ್ಚ ಕೊಡುತ್ತದೆ. ಗರ್ಭದ 18-20ನೇ ವಾರದ ಸ್ಕ್ಯಾನ್ ತಪ್ಪಿಸದಿದ್ದರೆ ಇಂಥ ಆಸ್ಪತ್ರೆಯಲ್ಲೇ ಹೆರಿಗೆ ಮಾಡಿಸಲು ಸಮಯ ಸಿಗುತ್ತದೆ. ಗಂಭೀರ ದೋಷ ಕಂಡರೆ ಗರ್ಭ ಮುಂದುವರಿಸಬೇಕೇ ಎಂಬ ಕಠಿಣ ನಿರ್ಧಾರಕ್ಕೂ ವೈದ್ಯಕೀಯ ಮಂಡಳಿಯ ಮೂಲಕ 2021ರ ತಿದ್ದುಪಡಿ ಕಾಯ್ದೆ ದಾರಿ ಕೊಟ್ಟಿದೆ.

ಆದರೂ ಎಲ್ಲಕ್ಕಿಂತ ಮೊದಲ ಗಡುವು, ಆ 28 ದಿನಗಳದ್ದು, ನಮ್ಮ ವ್ಯವಸ್ಥೆಯ ಕೈ ತಪ್ಪುತ್ತಿದೆ. ಗರ್ಭ ಧರಿಸಲು ಯೋಚಿಸುವ ಹೆಣ್ಣುಮಕ್ಕಳು ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲ ತೆಗೆದುಕೊಳ್ಳಬೇಕೆಂದು ಅನೀಮಿಯಾ ಮುಕ್ತ ಭಾರತ ಕಾರ್ಯಕ್ರಮವೇ ಹೇಳುತ್ತದೆ. ಮೊದಲೊಮ್ಮೆ ಇಂಥ ಮಗುವಾಗಿದ್ದರೆ ಪ್ರಮಾಣ ಹತ್ತರಷ್ಟು. ಅದನ್ನು ವೈದ್ಯರೇ ಬರೆದುಕೊಡಬೇಕು. ಆದರೆ ಬಸುರಿಯಾಗಿ ಹೆಸರು ನೋಂದಾಯಿಸಿದ ಮೇಲೆಯೇ ಮಾತ್ರೆ ಕೈಗೆ ಬರುವುದು ನಮ್ಮ ರೂಢಿ. ಅಷ್ಟರಲ್ಲಿ ನರನಾಳ ಮುಚ್ಚಿರುತ್ತದೆ, ಇಲ್ಲವೇ ಮುಚ್ಚದೆ ಉಳಿದಿರುತ್ತದೆ. ಆದ್ದರಿಂದ ಈ ಮಾತ್ರೆಯ ಮಾತು ಮದುವೆಯ ಮಾತಿನ ಜೊತೆಗೇ ಬರಬೇಕು. ವಿವಾಹ ನೋಂದಣಿ ಕಚೇರಿಯಲ್ಲಿ, ಕಾಲೇಜಿನ ಆರೋಗ್ಯ ಶಿಬಿರದಲ್ಲಿ, ಮಗಳಿಗೆ ಸೀರೆ ಕೊಳ್ಳುವ ತಾಯಿಯ ಬಾಯಲ್ಲಿ ಬರಬೇಕು. ಶಸ್ತ್ರಚಿಕಿತ್ಸಕರು ಎಷ್ಟೇ ನಿಪುಣರಾದರೂ ಮುಚ್ಚದ ನರನಾಳದ ಹಾನಿಯನ್ನು ಪೂರ್ತಿ ಅಳಿಸಲಾರರು. ಕೆಲವೇ ರೂಪಾಯಿಯ ಮಾತ್ರೆ ಅದನ್ನು ಬಹುಪಾಲು ಆಗದಂತೆಯೇ ತಡೆಯುತ್ತದೆ. ಅದನ್ನು ಸಮಯಕ್ಕೆ ತಲುಪಿಸುವುದು ಸರ್ಕಾರದ ಕರ್ತವ್ಯ. ಅದರ ಬಗ್ಗೆ ಸಂಕೋಚವಿಲ್ಲದೆ ಮಾತಾಡುವುದು ಪ್ರತಿ ಮನೆಯ ಕರ್ತವ್ಯ.